ಜನಸಾಮಾನ್ಯರ ಬ್ಯಾಂಕರು ಜಿಯಾನಿನಿ

ಕವಿಗಳ, ಯೋಧರ, ರಾಜ್ಯತಂತ್ರಜ್ಞರ ಜೀವನಚರಿತ್ರೆಗಳನ್ನು ಕಾಲೇಜಿನ ವಾರ್ಷಿಕ ಸಂಚಿಕೆಗಳಲ್ಲಿ ಓದಿ ವಾಚಕರಿಗೆ ಅಭ್ಯಾಸವಿದೆ. ವರ್ತಕನೊಬ್ಬನ, ಅದರಲ್ಲಿಯೂ ಹಣವನ್ನು ಬಡ್ಡಿಗೆ ಕೊಡುವುದನ್ನೇ ಕಸುಬಾಗಿ ಮಾಡಿಕೊಂಡವನೊಬ್ಬನ ಚರಿತ್ರೆಯನ್ನು ಬರೆಯಹೊರಟರೆ ಕೆಲವರಾದರೂ ಹುಬ್ಬೇರಿಸಬಹುದು. ನಮ್ಮ ಕಥೆ ಕಾದಂಬರಿಗಳಲ್ಲಿ ಸಾಹುಕಾರನೆಂದರೆ ಬಡವನ ಹೊಲವನ್ನು ನುಂಗುವವನು, ಅವನ ಲೆಕ್ಕದ ಪುಸ್ತಕವೆಂದರೆ ಯಮನ ಕಡತ. ಈ ಚಿತ್ರ ಪೂರ್ತಿಯಾಗಿ ಸುಳ್ಳೆಂದು ನಾನು ಹೇಳಲಾರೆ. ಆದರೆ ನಂಬಿಕೆಯೆಂಬ ಒಂದು ಗುಣವು ಲೋಕದ ವ್ಯವಹಾರದಲ್ಲಿ ಹೇಗೆ ಹುಟ್ಟುತ್ತದೆ, ಹೇಗೆ ಬೆಳೆಯುತ್ತದೆ, ಹೇಗೆ ಕೆಲವೊಮ್ಮೆ ಮುರಿಯುವ ಅಂಚಿಗೆ ಹೋಗಿ ನಿಲ್ಲುತ್ತದೆ ಎಂಬುದನ್ನು ನೋಡಬೇಕಾದರೆ ಬ್ಯಾಂಕರೊಬ್ಬನ ಬಾಳಿಗಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಕಾರಣವಿಷ್ಟೆ. ಬಟ್ಟೆಯ ವ್ಯಾಪಾರಿಯಲ್ಲಿ ನಂಬಿಕೆಯಿಲ್ಲದಿದ್ದರೂ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ ಕೊಳ್ಳಬಹುದು. ಬ್ಯಾಂಕಿನಲ್ಲಿ ನೋಡುವುದಕ್ಕೆ ಸರಕೇ ಇಲ್ಲ. ಜನರು ತಂದಿಟ್ಟ ಠೇವಣಿಯಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಪೆಟ್ಟಿಗೆಯಲ್ಲಿಟ್ಟುಕೊಂಡು ಉಳಿದುದನ್ನು ಬೇರೆಯವರಿಗೆ ಸಾಲ ಕೊಡುವುದೇ ಬ್ಯಾಂಕಿನ ಕಸುಬು. ಎಲ್ಲ ಠೇವಣಿದಾರರೂ ಒಂದೇ ದಿನ ಬಂದು ತಮ್ಮ ಹಣ ಬೇಕೆಂದು ಕೇಳಿದರೆ ಪ್ರಪಂಚದ ಯಾವ ಬ್ಯಾಂಕೂ, ಅದು ಎಷ್ಟೇ ಪ್ರಾಮಾಣಿಕವಾಗಿದ್ದರೂ, ಕೊಡಲಾರದು. ಅವರು ಬಾರದಿರುವುದು ನಂಬಿಕೆಯಿಂದ. ನಂಬಿಕೆ ಹೋದ ದಿನ ಬರುತ್ತಾರೆ. ಈ ಅಪಾಯದ ನಡುವೆಯೇ ನಲವತ್ತೈದು ವರ್ಷ ಕೆಲಸ ಮಾಡಿ, ಹಣ್ಣು ಮಾರುವವರ ಬೀದಿಯಲ್ಲಿ ತೆರೆದ ಒಂದು ಸಣ್ಣ ಬ್ಯಾಂಕನ್ನು ಪ್ರಪಂಚದಲ್ಲೇ ದೊಡ್ಡದೆನಿಸಿದವನು ಅಮೆಡಿಯೊ ಪೀಟರ್ ಜಿಯಾನಿನಿ.

ಈತನು ಹುಟ್ಟಿದ್ದು ೧೮೭೦ನೆಯ ಇಸವಿ ಮೇ ೬ರಂದು, ಅಮೆರಿಕದ ಕ್ಯಾಲಿಫೋರ್ನಿಯ ಸಂಸ್ಥಾನದ ಸಾನ್ ಹೊಸೆ ಎಂಬ ಊರಿನಲ್ಲಿ. ತಂದೆ ಲುಯಿಜಿ ಇಟಲಿಯ ಲಿಗೂರಿಯ ಪ್ರಾಂತದಿಂದ ಬಂದವನು. ಚಿನ್ನದ ಆಸೆಯಿಂದ ಕ್ಯಾಲಿಫೋರ್ನಿಯಕ್ಕೆ ಬಂದ ಸಾವಿರಾರು ಜನರಲ್ಲಿ ಅವನೂ ಒಬ್ಬ. ಊರಿಗೆ ಹಿಂದಿರುಗಿ ವರ್ಜೀನಿಯ ಎಂಬ ಹುಡುಗಿಯನ್ನು ಮದುವೆಯಾಗಿ ಮತ್ತೆ ಬಂದು ಒಂದು ಸಣ್ಣ ವಸತಿಗೃಹವನ್ನು ನಡೆಸಿ, ಅನಂತರ ಆಲ್ವಿಸೊ ಎಂಬಲ್ಲಿ ನಲವತ್ತು ಎಕರೆಯ ತೋಟವನ್ನು ಮಾಡಿಕೊಂಡನು. ಮಗನಿಗೆ ಆರೇಳು ವರ್ಷವಾಗಿದ್ದಾಗ ಒಂದು ದಿನ ಕೂಲಿಯಾಳೊಬ್ಬನು ತನಗೆ ಬರಬೇಕಾದ ಹಣದ ವಿಷಯವಾಗಿ ಜಗಳ ತೆಗೆದು ಲುಯಿಜಿಯನ್ನು ಗುಂಡಿಕ್ಕಿ ಕೊಂದನು. ಜಗಳವೆದ್ದ ಮೊತ್ತ ಒಂದು ಡಾಲರು. ಮುಂದೆ ಕೋಟ್ಯಂತರ ಡಾಲರುಗಳನ್ನು ಜನರ ಮುಖ ನೋಡಿ ಸಾಲ ಕೊಟ್ಟವನ ತಂದೆಯ ಮರಣ ಹೀಗಾಯಿತೆಂಬುದನ್ನು ಓದಿದಾಗ ಮನಸ್ಸು ಕ್ಷಣಕಾಲ ಅಲ್ಲಿಯೇ ನಿಲ್ಲುತ್ತದೆ. ಹುಡುಗನ ಮನಸ್ಸಿನ ಮೇಲೆ ಅದು ಏನು ಮಾಡಿತೆಂದು ಊಹಿಸಿ ಬರೆಯುವ ಧೈರ್ಯ ನನಗಿಲ್ಲ.

ಇಪ್ಪತ್ತೆರಡರ ಆಸುಪಾಸಿನ ವರ್ಜೀನಿಯ ಇಬ್ಬರು ಮಕ್ಕಳನ್ನೂ ಹೊಟ್ಟೆಯಲ್ಲಿದ್ದ ಮೂರನೆಯದನ್ನೂ ಕಟ್ಟಿಕೊಂಡು ತೋಟವನ್ನು ತಾನೇ ನಡೆಸಿದಳು. ಕೆಲವು ವರ್ಷಗಳ ಮೇಲೆ ಲೊರೆಂಜೊ ಸ್ಕಟೇನ ಎಂಬ ಬಂಡಿ ಹೊಡೆಯುವವನನ್ನು ಮದುವೆಯಾದಳು. ೧೮೮೨ರಲ್ಲಿ ಸಂಸಾರವು ಸಾನ್ ಫ್ರಾನ್ಸಿಸ್ಕೊ ನಗರವನ್ನು ಸೇರಿತು. ಅಲ್ಲಿ ಸ್ಕಟೇನನು ಹಣ್ಣು ತರಕಾರಿಗಳ ಕಮಿಷನ್ ಮಂಡಿಯನ್ನು ತೆರೆದನು. ಮಲತಂದೆಯೆಂದರೆ ಕಥೆಗಳಲ್ಲಿ ಕ್ರೂರಿ, ಈತನು ಹಾಗಲ್ಲ. ಮೂವರು ಹುಡುಗರನ್ನೂ ಸ್ವಂತ ಮಕ್ಕಳಂತೆಯೇ ಬೆಳೆಸಿದನು.

ಮಂಡಿಯ ವ್ಯಾಪಾರ ಅಮೆಡಿಯೊವಿಗೆ ಶಾಲೆಗಿಂತ ಹೆಚ್ಚಾಗಿ ಹಿಡಿಸಿತು. ರೈತರ ಹಣ್ಣು, ಆಲೂಗೆಡ್ಡೆ, ಈರುಳ್ಳಿ ತುಂಬಿದ ದೋಣಿಗಳು ನಡುರಾತ್ರಿ ಕಳೆದ ಮೇಲೆ ವಾಷಿಂಗ್ಟನ್ ಬೀದಿಯ ಧಕ್ಕೆಗೆ ಬರುತ್ತಿದ್ದವು. ಹುಡುಗನು ತಾಯಿಗೆ ಎಚ್ಚರವಾಗದಂತೆ ಬೂಟುಗಳನ್ನು ಕೈಯಲ್ಲಿ ಹಿಡಿದು ಮನೆಯಿಂದ ಹೊರಬಿದ್ದು ಅಲ್ಲಿಗೆ ಹೋಗುತ್ತಿದ್ದನೆಂದು ಹೇಳುತ್ತಾರೆ. ಹದಿನೈದು ತುಂಬುವ ಹೊತ್ತಿಗೆ ಶಾಲೆ ಬಿಟ್ಟು, ವ್ಯಾಪಾರಿ ಲೆಕ್ಕಪತ್ರಗಳ ಒಂದು ಚಿಕ್ಕ ಪಾಠಕ್ರಮವನ್ನು ಮುಗಿಸಿ ಮಂಡಿಯಲ್ಲೇ ನಿಂತುಬಿಟ್ಟನು.

ಈ ಮಂಡಿ ವ್ಯಾಪಾರದ ಸ್ವರೂಪವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಜಿಯಾನಿನಿಯ ನಿಜವಾದ ವಿಶ್ವವಿದ್ಯಾನಿಲಯ ಅದೇ. ನಮ್ಮ ಊರುಗಳ ದಲ್ಲಾಳಿ ಮಂಡಿಗಳನ್ನು ಕಂಡವರಿಗೆ ಅದು ಹೊಸದಲ್ಲ. ದೂರದ ರೈತನು ತನ್ನ ಮಾಲನ್ನು ಮಂಡಿಗೆ ಕಳುಹಿಸುತ್ತಾನೆ. ಅದು ಯಾವ ಧಾರಣೆಗೆ ಮಾರಿತು, ಎಷ್ಟು ಕೊಳೆತುಹೋಯಿತು ಎಂಬುದಕ್ಕೆ ಮಂಡಿಯವನ ಮಾತೇ ಸಾಕ್ಷಿ. ಹತ್ತು ಪೆಟ್ಟಿಗೆ ಕೊಳೆತವೆಂದು ಬರೆದರೆ ರೈತನು ಬಂದು ನೋಡುವಂತಿಲ್ಲ. ಆದುದರಿಂದ ಅಲ್ಲಿ ಮೋಸಕ್ಕೆ ಅವಕಾಶ ಬಹಳ. ಇಂಥ ಕಸುಬಿನಲ್ಲಿ ತರುಣ ಜಿಯಾನಿನಿಯು ಸಾಂಟ ಕ್ಲಾರ, ಸಾಕ್ರಮೆಂಟೊ ಮೊದಲಾದ ಕಣಿವೆಗಳಲ್ಲಿ ಕುದುರೆಯ ಮೇಲೂ ಬಂಡಿಯಲ್ಲಿಯೂ ತಿರುಗಿ, ರೈತರ ತೋಟಗಳಲ್ಲೇ ಅವರನ್ನು ಕಂಡು, ಹೆಂಡಿರು ಮಕ್ಕಳ ಹೆಸರನ್ನೂ ನೆನಪಿಟ್ಟುಕೊಂಡು, ಆಡಿದ ಧಾರಣೆಗೆ ಹಣ ತಲಪಿಸಿ ವ್ಯಾಪಾರವನ್ನು ಬೆಳೆಸಿದನು. ಬೆಳೆ ಬರುವ ಮೊದಲು ಕೈಯಲ್ಲಿ ಕಾಸಿಲ್ಲದವರಿಗೆ ಮುಂಗಡವನ್ನೂ ಕೊಡುತ್ತಿದ್ದನು. ಯಾರು ಕೊಟ್ಟ ಮಾತಿಗೆ ನಿಲ್ಲುವವರು, ಯಾರು ಜಾರುವವರು ಎಂಬುದನ್ನು ಪತ್ರ ನೋಡದೆ ಮನುಷ್ಯನನ್ನು ನೋಡಿ ತಿಳಿಯುವ ಕಣ್ಣು ಅವನಿಗೆ ಬಂದದ್ದು ಈ ತಿರುಗಾಟದಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಮಲತಂದೆಯು ಅವನನ್ನು ಪಾಲುಗಾರನನ್ನಾಗಿ ಮಾಡಿಕೊಂಡನು. ೧೮೯೨ರಲ್ಲಿ ಕ್ಲೊರಿಂಡ ಕ್ಯುನಿಯೊ ಎಂಬಾಕೆಯೊಡನೆ ವಿವಾಹವಾಯಿತು. ಮೂವತ್ತೊಂದನೆಯ ವಯಸ್ಸಿಗೆ ತನಗೆ ಬೇಕಾದಷ್ಟಾಯಿತೆಂದು ತನ್ನ ಪಾಲನ್ನು ಮಂಡಿಯ ನೌಕರರಿಗೇ ಮಾರಿ ನಿವೃತ್ತನಾದನು!

ಈ ನಿವೃತ್ತಿ ಬಹಳ ದಿನ ನಡೆಯಲಿಲ್ಲ. ೧೯೦೨ರಲ್ಲಿ ಮಾವನು ತೀರಿಕೊಂಡನು. ದೊಡ್ಡ ಕುಟುಂಬದ ಆಸ್ತಿಯನ್ನು ನೋಡಿಕೊಳ್ಳುವ ಭಾರ ಅಳಿಯನ ಮೇಲೆ ಬಿತ್ತು. ಆ ಆಸ್ತಿಯಲ್ಲಿ ನಾರ್ತ್ ಬೀಚ್ ಎಂಬ ಇಟಾಲಿಯನರ ಕೇರಿಯಲ್ಲಿದ್ದ ಕೊಲಂಬಸ್ ಸೇವಿಂಗ್ಸ್ ಎಂಬ ಬ್ಯಾಂಕಿನ ಷೇರುಗಳೂ ಇದ್ದವು. ಹೀಗೆ ಜಿಯಾನಿನಿ ಆ ಬ್ಯಾಂಕಿನ ನಿರ್ದೇಶಕ ಮಂಡಲಿಯಲ್ಲಿ ಕುಳಿತನು, ಕುಳಿತಲ್ಲಿಂದಲೇ ಜಗಳಕ್ಕೂ ನಿಂತನು. ಸುತ್ತಲೂ ಇದ್ದ ಸಾವಿರಾರು ಮೀನುಗಾರರು, ಕ್ಷೌರಿಕರು, ರೊಟ್ಟಿ ಸುಡುವವರು, ಬೀದಿ ವ್ಯಾಪಾರಿಗಳು ತಮ್ಮ ಉಳಿತಾಯವನ್ನು ಹಾಸಿಗೆಯಡಿಯಲ್ಲೋ ಡಬ್ಬಿಯಲ್ಲೋ ಇಡುತ್ತಿದ್ದರು. ಸಾಲ ಬೇಕಾದರೆ ಕೇರಿಯ ಬಡ್ಡಿ ವ್ಯಾಪಾರಿಗಳ ಬಾಯಿಗೆ ಬೀಳುತ್ತಿದ್ದರು. ಬ್ಯಾಂಕಿನ ಹಿರಿಯರಿಗೆ ಇವರು ಬೇಕಾಗಿರಲಿಲ್ಲ. ದೊಡ್ಡ ಸಾಲ, ದೊಡ್ಡ ಜಾಮೀನು, ದೊಡ್ಡ ಮನುಷ್ಯರು, ಇಷ್ಟೇ ಅವರ ಲೋಕ. ಎಷ್ಟು ಹೇಳಿದರೂ ಅವರು ಒಪ್ಪದಿರಲು ಜಿಯಾನಿನಿ ೧೯೦೪ರಲ್ಲಿ ರಾಜೀನಾಮೆಯನ್ನು ಬಿಸಾಡಿ ಹೊರಬಂದು, ಅದೇ ಬೀದಿಯಲ್ಲಿ, ಅವರಿಗೆ ಕಾಣುವಂತೆಯೇ, ಒಂದು ಮದ್ಯದಂಗಡಿಯ ಕಟ್ಟಡವನ್ನು ರಿಪೇರಿ ಮಾಡಿಸಿ ತನ್ನದೇ ಬ್ಯಾಂಕನ್ನು ತೆರೆದನು. ಹಟಮಾರಿತನವಿಲ್ಲದೆ ಇಂಥ ಕೆಲಸಗಳು ಆಗುವುದಿಲ್ಲವೆಂದು ತೋರುತ್ತದೆ.

ಅಕ್ಟೋಬರ್ ೧೭ರಂದು ಬ್ಯಾಂಕ್ ಆಫ್ ಇಟಲಿ ಬಾಗಿಲು ತೆರೆಯಿತು. ಪಾಲು ಬಂಡವಾಳ ೩ ಲಕ್ಷ ಡಾಲರು. ನೂರು ಡಾಲರಿನ ಮೂರು ಸಾವಿರ ಷೇರುಗಳು. ಯಾರೊಬ್ಬನೂ ನೂರಕ್ಕಿಂತ ಹೆಚ್ಚು ಷೇರುಗಳನ್ನು ಹೊಂದಿರಬಾರದೆಂದು ಗೊತ್ತುಮಾಡಿ, ಕಿರಾಣಿಯವರು, ಮೀನು ಮಾರುವವರು, ಕೂಲಿಕಾರರವರೆಗೆ ಷೇರುಗಳನ್ನು ಹಂಚಿದರು. ಮೊದಲ ದಿನ ಬಂದ ಠೇವಣಿ ೮,೭೮೦ ಡಾಲರು. ಇಪ್ಪತ್ತೈದು ಡಾಲರಿನಷ್ಟು ಸಣ್ಣ ಸಾಲವೂ ಅಲ್ಲಿ ದೊರೆಯುತ್ತಿತ್ತು. ಇಂಗ್ಲಿಷು ಬಾರದವರು ತಮ್ಮ ಭಾಷೆಯಲ್ಲೇ ಮಾತನಾಡಬಹುದಿತ್ತು. ಬರೆಯಲು ಬಾರದವರಿಗೆ ಗುಮಾಸ್ತರೇ ಬರೆದುಕೊಡುತ್ತಿದ್ದರು. ಜಿಯಾನಿನಿ ಬೀದಿ ಬೀದಿ ತಿರುಗಿ, ಅಂಗಡಿಗಳ ಮುಂದೆ ನಿಂತು, ಠೇವಣಿ ಇಡಿರೆಂದು ಕೇಳುತ್ತಿದ್ದನು. ಆ ಕಾಲದ ಬ್ಯಾಂಕರುಗಳಿಗೆ ಇದು ಮಹಾ ಅಗೌರವದ ಸಂಗತಿ. ವೈದ್ಯನು ರೋಗಿಗಳನ್ನು ಹುಡುಕಿಕೊಂಡು ಹೋಗಬಾರದಂತೆ ಬ್ಯಾಂಕರನೂ ಗಿರಾಕಿಯನ್ನು ಹುಡುಕಿಕೊಂಡು ಹೋಗಬಾರದೆಂಬುದು ಅವರ ಭಾವನೆ. ತನ್ನ ಮೇಜನ್ನು ಆತನು ಯಾವ ಕೋಣೆಯೊಳಗೂ ಇಡದೆ ಗಿರಾಕಿಗಳು ಓಡಾಡುವ ಹಜಾರದಲ್ಲೇ ಹಾಕಿಸಿಕೊಂಡನು. ಬಂದವರೆಲ್ಲ ನೇರವಾಗಿ ಹತ್ತಿರ ಹೋಗಿ ಕೂರಬಹುದಿತ್ತು. ಬ್ಯಾಂಕು ಪ್ರಪಂಚದಲ್ಲೇ ಹಿರಿದಾದ ಮೇಲೂ ಈ ಪದ್ಧತಿಯನ್ನು ಆತನು ಬಿಡಲಿಲ್ಲ.

ಒಂದೂವರೆ ವರ್ಷ ಕಳೆಯಿತು. ೧೯೦೬ನೆಯ ಏಪ್ರಿಲ್ ೧೮ರಂದು ಬೆಳಗಿನ ಐದು ಗಂಟೆ ಹನ್ನೆರಡು ನಿಮಿಷಕ್ಕೆ ಸಾನ್ ಫ್ರಾನ್ಸಿಸ್ಕೊ ನಗರವನ್ನು ಮಹಾ ಭೂಕಂಪವು ಅಲುಗಾಡಿಸಿತು. ಕಂಪನಕ್ಕಿಂತ ಹೆಚ್ಚಿನ ಅನರ್ಥವನ್ನು ಮಾಡಿದ್ದು ಅದರ ಹಿಂದೆ ಎದ್ದ ಬೆಂಕಿ. ನೀರಿನ ಕೊಳವೆಗಳು ಒಡೆದುಹೋಗಿದ್ದುದರಿಂದ ಆರಿಸಲು ನೀರಿಲ್ಲ. ಮೂರು ದಿನಕ್ಕೂ ಮಿಕ್ಕಿ ಉರಿದ ಆ ಬೆಂಕಿಯಲ್ಲಿ ಸುಮಾರು ೨೮ ಸಾವಿರ ಕಟ್ಟಡಗಳು ನಾಶವಾದವು. ನಾಲ್ಕು ಲಕ್ಷ ಜನರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ನಿರಾಶ್ರಿತರಾದರು. ಮೂರು ಸಾವಿರದಷ್ಟು ಜನ ಸತ್ತರೆಂದು ಈಗಿನ ಎಣಿಕೆ.

ಜಿಯಾನಿನಿಯ ಮನೆಯಿದ್ದದ್ದು ಹದಿನೇಳು ಮೈಲಿ ದೂರದ ಸಾನ್ ಮಟೆಯೊದಲ್ಲಿ. ಸಂಸಾರಕ್ಕೆ ಅಪಾಯವಿಲ್ಲವೆಂದು ತಿಳಿದೊಡನೆ ಆತನು ನಗರಕ್ಕೆ ಹೊರಟನು. ರೈಲು ಸ್ವಲ್ಪ ದೂರ ಹೋಗಿ ನಿಂತಿತು. ಉಳಿದ ದಾರಿಯನ್ನು, ನಗರದಿಂದ ಓಡಿಬರುತ್ತಿದ್ದ ಜನಪ್ರವಾಹಕ್ಕೆ ಎದುರಾಗಿ, ನಡೆದೂ ಓಡಿಯೂ ಮುಗಿಸಿ ಮಧ್ಯಾಹ್ನದ ಸಮಯಕ್ಕೆ ಬ್ಯಾಂಕನ್ನು ಮುಟ್ಟಿದನು. ಅಲ್ಲಿ ನೋಡುತ್ತಾನೆ, ಬ್ಯಾಂಕು ತೆರೆದಿದೆ! ಈ ಬ್ಯಾಂಕಿಗೆ ಸ್ವಂತವಾದ ಗಟ್ಟಿ ತಿಜೋರಿ ಇರಲಿಲ್ಲ. ರಾತ್ರಿ ಹಣವನ್ನು ಕ್ರೋಕರ್ ಎಂಬ ದೊಡ್ಡ ಬ್ಯಾಂಕಿನ ತಿಜೋರಿಯಲ್ಲಿಟ್ಟು ಬೆಳಗ್ಗೆ ಬಂಡಿಯಲ್ಲಿ ತರುವುದು ರೂಢಿ. ಗುಮಾಸ್ತರು ಆ ದಿನವೂ ರೂಢಿಯಂತೆ ಹೋಗಿ ಸುಮಾರು ೮೦ ಸಾವಿರ ಡಾಲರುಗಳ ಚಿನ್ನ ಬೆಳ್ಳಿಯನ್ನು ತಂದು ಒಂಬತ್ತು ಗಂಟೆಗೆ ಬಾಗಿಲು ತೆಗೆದಿದ್ದರು. ಕರ್ತವ್ಯನಿಷ್ಠೆಯೆನ್ನಬೇಕೊ ಬುದ್ಧಿಯ ಮಂಪರೆನ್ನಬೇಕೊ ತಿಳಿಯದು. ಆದರೆ ಮುಂದಿನ ಕಥೆಯೆಲ್ಲವೂ ನಿಂತಿರುವುದು ಈ ಗುಮಾಸ್ತರ ಕೆಲಸದ ಮೇಲೆ. ಆ ಹಣ ಕ್ರೋಕರ್ ಬ್ಯಾಂಕಿನಲ್ಲೇ ಉಳಿದಿದ್ದರೆ ಎಷ್ಟೋ ವಾರ ಕೈಗೆ ಸಿಕ್ಕುತ್ತಿರಲಿಲ್ಲ.

ಬೆಂಕಿ ತಮ್ಮ ಕಡೆಗೇ ಬರುವುದೆಂದು ಜಿಯಾನಿನಿ ಕಂಡುಕೊಂಡನು. ಬೀದಿಗಳಲ್ಲಿ ಲೂಟಿ ಮೊದಲಾಗಿತ್ತು. ಮಲತಂದೆಯ ಮಂಡಿಯಿಂದ ಎರಡು ಬಂಡಿಗಳನ್ನು ತರಿಸಿ, ಹಣದ ಚೀಲಗಳನ್ನೂ ಲೆಕ್ಕದ ಪುಸ್ತಕಗಳನ್ನೂ ತಳದಲ್ಲಿಟ್ಟು, ಮೇಲೆ ಕಿತ್ತಳೆ ಹಣ್ಣಿನ ಪೆಟ್ಟಿಗೆಗಳನ್ನು ಹೇರಿಸಿ, ಕತ್ತಲಾದ ಮೇಲೆ ಹೊರಟು ಮರುದಿನ ಬೆಳಗಿಗೆ ಸಾನ್ ಮಟೆಯೊವನ್ನು ಸೇರಿದನು. ಮನೆಯ ಬೆಂಕಿಗೂಡಿನ ಬೂದಿಗುಂಡಿಯಲ್ಲಿ ಚಿನ್ನವನ್ನು ಬಚ್ಚಿಟ್ಟರು. ಎಷ್ಟೋ ದಿನಗಳವರೆಗೆ ಬ್ಯಾಂಕಿನ ನಾಣ್ಯಗಳು ಕಿತ್ತಳೆ ಹಣ್ಣಿನ ವಾಸನೆ ಹೊಡೆಯುತ್ತಿದ್ದವಂತೆ. ಬ್ಯಾಂಕಿನ ಕಟ್ಟಡ ಸುಟ್ಟುಹೋಯಿತು.

ಇನ್ನು ಉಳಿದ ಬ್ಯಾಂಕುಗಳ ಪಾಡು ವಿಚಿತ್ರವಾದುದು. ಅವರ ತಿಜೋರಿಗಳು ಬೆಂಕಿಯಲ್ಲಿ ಸುಡದೆ ಉಳಿದಿದ್ದವು, ಆದರೆ ಕುಲುಮೆಯಂತೆ ಕಾದಿದ್ದವು. ಬಿಸಿಯಾಗಿರುವಾಗಲೇ ಬಾಗಿಲು ತೆರೆದರೆ ಗಾಳಿ ನುಗ್ಗಿ ಒಳಗಿನ ನೋಟು, ಪತ್ರಗಳು ಹತ್ತಿಕೊಂಡು ಬೂದಿಯಾಗುವ ಸಂಭವ. ಆರುವವರೆಗೆ ವಾರಗಟ್ಟಲೆ ಕಾಯಬೇಕು. ಗವರ್ನರನು ಬ್ಯಾಂಕುಗಳಿಗೆ ರಜೆಯನ್ನು ಸಾರಿದನು. ಸಭೆ ಸೇರಿದ ಬ್ಯಾಂಕರುಗಳಲ್ಲಿ ಹಲವರು ತಿಂಗಳುಗಟ್ಟಲೆ ಮುಚ್ಚಿಯೇ ಇರುವುದು ಲೇಸೆಂದು ವಾದಿಸಿದರು. ಅವರ ವಾದ ಮೂರ್ಖತನದ್ದೇನೂ ಅಲ್ಲ. ಸಾಲಗಾರರ ಮನೆ ಅಂಗಡಿಗಳೆಲ್ಲ ಸುಟ್ಟಿವೆ, ಜಾಮೀನೆಂಬುದು ಬೂದಿಯಾಗಿದೆ, ವಿಮಾ ಕಂಪನಿಗಳು ಹಣ ಕೊಡುವವೊ ಇಲ್ಲವೊ ತಿಳಿಯದು. ಇಂಥ ಸಮಯದಲ್ಲಿ ಬಾಗಿಲು ತೆರೆದರೆ ಹಣ ಹಿಂದಕ್ಕೆ ಪಡೆಯುವವರ ಗುಂಪೇ ಬರುವುದಲ್ಲವೆ? ಜಿಯಾನಿನಿಯ ಬ್ಯಾಂಕಿನಲ್ಲಿ ಜನರ ಠೇವಣಿ ಎಂಟು ಲಕ್ಷ ಡಾಲರಿಗೂ ಮೇಲಿತ್ತು. ಕೈಯಲ್ಲಿದ್ದದ್ದು ಎಂಬತ್ತು ಸಾವಿರ. ಹತ್ತರಲ್ಲಿ ಒಬ್ಬ ಠೇವಣಿದಾರನು ಪೂರ್ತಿ ಹಣ ಕೇಳಿದರೆ ಪೆಟ್ಟಿಗೆ ಬರಿದು.

ಆತನು ಆ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನಾಗಿದ್ದೂ ತೆರೆದನು. ವಾಷಿಂಗ್ಟನ್ ಬೀದಿಯ ಧಕ್ಕೆಯಲ್ಲಿ, ಹುಡುಗನಾಗಿದ್ದಾಗ ರಾತ್ರಿ ಓಡಿಬರುತ್ತಿದ್ದ ಜಾಗದಲ್ಲೇ, ಎರಡು ಪೀಪಾಯಿಗಳ ಮೇಲೆ ಒಂದು ಹಲಗೆಯನ್ನಿಟ್ಟು, ಪಕ್ಕದಲ್ಲಿ ಹಣದ ಚೀಲವನ್ನಿಟ್ಟುಕೊಂಡು ಕುಳಿತನು. ವೈದ್ಯನಾಗಿದ್ದ ತಮ್ಮ ಅಟ್ಟೀಲಿಯೊನ ಮನೆಯಲ್ಲಿ ಇನ್ನೊಂದು ಕಚೇರಿ ನಡೆಯಿತು. ದಾಖಲೆ ಪತ್ರಗಳು ಸುಟ್ಟುಹೋಗಿದ್ದವರಿಗೆ ಮುಖ ಗುರುತಿನ ಮೇಲೆ, ಕೈಬರಹದ ರುಜುವಿನ ಮೇಲೆ ಸಾಲ ಕೊಟ್ಟನು. ಕೈಗಳು ದುಡಿಮೆಯಿಂದ ಒರಟಾಗಿವೆಯೆ ಎಂದು ನೋಡಿ ಕೊಡುತ್ತಿದ್ದನೆಂಬ ಕಥೆಯೂ ಉಂಟು. ಕಥೆಯೆಂದೇ ಅದನ್ನು ತೆಗೆದುಕೊಳ್ಳೋಣ. ಹೀಗಿದ್ದರೂ ಇದು ಕುರುಡು ಔದಾರ್ಯವಾಗಿರಲಿಲ್ಲ. ಯಾವನಾದರೂ ಮನೆ ಕಟ್ಟಲು ಇಷ್ಟು ಬೇಕೆಂದರೆ ಅದರ ಅರ್ಧವನ್ನು ಕೊಟ್ಟು, ಉಳಿದರ್ಧವನ್ನು ತಾನೇ ಹೊಂದಿಸಿಕೊಳ್ಳುವಂತೆ ಹೇಳಿ ಕಳುಹಿಸುತ್ತಿದ್ದನು. ಕೇರಿಯ ಜನರು ಹೂತಿಟ್ಟಿದ್ದ ಚಿನ್ನ ಎಷ್ಟೆಂಬುದನ್ನು ಆತನು ಬಲ್ಲನು. ಈ ಉಪಾಯದಿಂದ ಅದು ಹೊರಗೆ ಬಂದಿತು. ಹಡಗಿನ ಕಪ್ತಾನರಿಗೆ ಹಣ ಕೊಟ್ಟು ಉತ್ತರದ ಕಾಡುಗಳಿಂದ ಮರವನ್ನು ತರಿಸಿದನು. ಬೇರೆಯವರು ಯೋಚಿಸುತ್ತಿರುವಾಗಲೇ ನಾರ್ತ್ ಬೀಚಿನಲ್ಲಿ ಮನೆಗಳೇಳತೊಡಗಿದವು.

ಗುಂಪು ಬಂದೇ ಬಂದಿತು. ಆದರೆ ಬ್ಯಾಂಕರುಗಳು ಹೆದರಿದ್ದ ಗುಂಪಲ್ಲ. ಬ್ಯಾಂಕು ತೆರೆದಿದೆ, ಕೇಳಿದವರಿಗೆ ಹಣ ದೊರೆಯುತ್ತದೆ ಎಂಬ ಮಾತು ಹರಡಿದೊಡನೆ, ಹಾಸಿಗೆಯಡಿಯ ಚಿನ್ನವನ್ನು ಚೀಲದಲ್ಲಿ ಕಟ್ಟಿಕೊಂಡು ಠೇವಣಿ ಇಡಲು ಜನ ಬಂದರು. ಬೀದಿಯಲ್ಲಿ ಮಲಗಿರುವವನಿಗೆ ಚಿನ್ನ ಕಾಯುವುದು ಕಷ್ಟವೆಂಬುದೂ ಒಂದು ಕಾರಣವಿರಬೇಕು. ಈ ಹಲಗೆಯ ಮೇಲೆ ಕೊಟ್ಟ ಸಾಲಗಳೆಲ್ಲವೂ ತೀರಿಬಂದವೆಂದು ಬ್ಯಾಂಕಿನವರು ಮುಂದೆ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಒಂದೂ ತಪ್ಪಲಿಲ್ಲವೆಂದರೆ ಅತಿಶಯೋಕ್ತಿಯೇನೊ. ಆದರೆ ಬ್ಯಾಂಕು ಮುಳುಗಲಿಲ್ಲ, ಬೆಳೆಯಿತು ಎಂಬುದಂತೂ ಲೆಕ್ಕದ ಮಾತು.

ಮರುವರ್ಷ ಇನ್ನೊಂದು ಪರೀಕ್ಷೆ. ೧೯೦೭ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ನಿಕರ್‌ಬಾಕರ್ ಟ್ರಸ್ಟ್ ಕಂಪನಿ ಬಿದ್ದುದರಿಂದ ದೇಶಾದ್ಯಂತ ಹಣದ ದಿಗಿಲು ಹಬ್ಬಿತು. ಸಾನ್ ಫ್ರಾನ್ಸಿಸ್ಕೊದ ಬ್ಯಾಂಕುಗಳು ನಾಣ್ಯದ ಬದಲು ಕಾಗದದ ಚೀಟಿಗಳನ್ನು ಕೊಡತೊಡಗಿದವು. ಜಿಯಾನಿನಿ ಆ ವರ್ಷದ ಮೊದಲಿನಿಂದಲೇ ಕಾಲ ಕೆಡುವ ಸೂಚನೆಯನ್ನು ಗ್ರಹಿಸಿ ಚಿನ್ನವನ್ನು ಕೂಡಿಹಾಕುತ್ತ ಬಂದಿದ್ದನು. ದಿಗಿಲಿನ ದಿನಗಳಲ್ಲಿ ಆ ಚಿನ್ನವನ್ನು ಗುಮಾಸ್ತರ ಕಿಟಕಿಗಳ ಹಿಂದೆ ಎಲ್ಲರಿಗೂ ಕಾಣುವಂತೆ ಒಟ್ಟಿಸಿ, ಕೇಳಿದವರಿಗೆ ಚಿನ್ನವನ್ನೇ ಕೊಡಿಸಿದನು. ನೋಡಿದವರು ಕೇಳದೆ ಹಿಂದಿರುಗಿದರು. ಇದರಲ್ಲಿ ಸ್ವಲ್ಪ ನಾಟಕವಿದೆ, ನಿಜ. ಆದರೆ ನಾಟಕದ ಹಿಂದೆ ಚಿನ್ನವೂ ಇದ್ದಿತು.

ಆ ಅನುಭವದಿಂದ ಆತನಿಗೆ ಒಂದು ಸಂಗತಿ ಮನವರಿಕೆಯಾಯಿತು. ಒಂದೇ ಊರಿನ, ಒಂದೇ ಬೆಳೆಯ ಮೇಲೆ ನಿಂತ ಸಣ್ಣ ಬ್ಯಾಂಕು ಆ ಊರಿಗೆ ಕೆಡುಕಾದಾಗ ಅದರೊಡನೆಯೇ ಬೀಳುತ್ತದೆ. ದ್ರಾಕ್ಷಿಯ ಕಣಿವೆ ಸೊರಗಿದಾಗ ಕಿತ್ತಳೆಯ ಕಣಿವೆಯ ಹಣ ಅಲ್ಲಿಗೆ ಹರಿಯುವಂತಾಗಬೇಕು. ಅದಕ್ಕೆ ಒಂದೇ ಬ್ಯಾಂಕಿಗೆ ಹಲವೂರುಗಳಲ್ಲಿ ಶಾಖೆಗಳಿರಬೇಕು. ನಮಗೆ ಈಗ ಇದು ಸಹಜವೆನಿಸುತ್ತದೆ. ಅಮೆರಿಕದಲ್ಲಿ ಆಗ ಹಾಗಿರಲಿಲ್ಲ; ಊರಿಗೊಂದು ಬೇರೆ ಬ್ಯಾಂಕೇ ನಿಯಮ. ಕ್ಯಾಲಿಫೋರ್ನಿಯದ ಕಾನೂನು ಅವಕಾಶ ಕೊಟ್ಟೊಡನೆ ೧೯೦೯ರಲ್ಲಿ ಹುಟ್ಟೂರಾದ ಸಾನ್ ಹೊಸೆಯಲ್ಲೇ ಹೊರಗಿನ ಮೊದಲ ಶಾಖೆಯನ್ನು ತೆರೆದನು. ಮಂಡಿಯ ಕಾಲದ ಪರಿಚಿತ ರೈತರು ಇಲ್ಲಿ ನೆರವಾದರು. ಅವನ ತಕ್ಕಡಿಯನ್ನು ನಂಬಿದ್ದವರು ಅವನ ಬ್ಯಾಂಕನ್ನೂ ನಂಬಿದರು. ಪೋರ್ಚುಗೀಸರು, ಗ್ರೀಕರು, ಸ್ಲಾವರು, ಚೀನಿಯರು ಮೊದಲಾದ ವಲಸೆಗಾರರಿಗೆ ಅವರವರ ಭಾಷೆಯ ಗುಮಾಸ್ತರನ್ನು ನೇಮಿಸಿದನು. ೧೯೨೧ರಲ್ಲಿ ಸ್ತ್ರೀಯರಿಗಾಗಿ ಸ್ತ್ರೀಯರೇ ನಡೆಸುವ ವಿಭಾಗವನ್ನು ತೆರೆದನು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಚರಿತ್ರೆ ಪುರಾಣವಾದೀತು. ಸಣ್ಣ ಬ್ಯಾಂಕುಗಳನ್ನು ಒಂದಾದ ಮೇಲೊಂದರಂತೆ ನುಂಗುತ್ತಿರುವನೆಂದು ಆತನ ಮೇಲೆ ಕೂಗೆದ್ದಿತು, ಅದು ಕಾರಣವಿಲ್ಲದ ಕೂಗಲ್ಲ. ೧೯೨೮ರಲ್ಲಿ ಟ್ರಾನ್ಸ್ ಅಮೆರಿಕ ಎಂಬ ದೊಡ್ಡ ಕಂಪನಿಯನ್ನು ಕಟ್ಟಿ ತನ್ನ ಬ್ಯಾಂಕುಗಳನ್ನೆಲ್ಲ ಅದರಡಿಗೆ ತಂದನು. ಷೇರಿನ ಬೆಲೆ ಏರುತ್ತ ಹೋಯಿತು. ಅವನ ಹೆಸರಿನ ಬಲದಿಂದಲೇ ಲಕ್ಷಾಂತರ ಸಾಮಾನ್ಯರು, ತಮ್ಮ ದುಡಿಮೆಯ ಹಣದಿಂದ ಕೆಲವರು, ಸಾಲ ಮಾಡಿ ಕೆಲವರು, ಆ ಷೇರುಗಳನ್ನು ಕೊಂಡರು. ಬೆಲೆ ಮಿತಿಮೀರಿದೆಯೆಂದು ಆತನೇ ಎಚ್ಚರಿಸಿದ್ದುಂಟು. ಆದರೆ ನಂಬಿದ ಜನ ನಂಬಿದವನ ಎಚ್ಚರಿಕೆಯನ್ನು ಮಾತ್ರ ಕೇಳಲಿಲ್ಲ. ೧೯೨೯ರ ಪತನ ಬಂದಿತು. ಅರವತ್ತು ಡಾಲರಿಗೂ ಮೇಲಿದ್ದ ಷೇರು ಕೆಲವೇ ವರ್ಷಗಳಲ್ಲಿ ಎರಡು ಡಾಲರಿನ ಮಟ್ಟಕ್ಕಿಳಿಯಿತು. ಎಷ್ಟೋ ಸಂಸಾರಗಳ ಉಳಿತಾಯ ಕರಗಿಹೋಯಿತು. ಆ ದುರ್ಭಿಕ್ಷದ ವರ್ಷಗಳಲ್ಲಿ ಸಾಲ ತೀರದ ರೈತರ ಜಮೀನುಗಳು ಬಹಳವಾಗಿ ಬ್ಯಾಂಕಿನ ಕೈಸೇರಿ, ಅವುಗಳನ್ನು ನೋಡಿಕೊಳ್ಳಲು ಬೇರೆ ಕಂಪನಿಯೇ ಬೇಕಾಯಿತು. ಮೊದಲಲ್ಲಿ ಹೇಳಿದ ಸಾಹುಕಾರನ ಚಿತ್ರದಿಂದ ಜಿಯಾನಿನಿಯೂ ಪೂರ್ತಿ ಪಾರಾಗಲಿಲ್ಲ.

೧೯೩೦ರಲ್ಲಿ, ಅನಾರೋಗ್ಯದಿಂದ ಬಳಲಿ, ಕಂಪನಿಯ ಆಡಳಿತವನ್ನು ಇಲೈಷ ವಾಕರ್ ಎಂಬ ನ್ಯೂಯಾರ್ಕಿನ ಹಣಕಾಸುಗಾರನಿಗೆ ಒಪ್ಪಿಸಿ ಆತನು ದೂರ ಸರಿದಿದ್ದನು. ಅದೇ ವರ್ಷ ಬ್ಯಾಂಕ್ ಆಫ್ ಇಟಲಿಗೆ ಬ್ಯಾಂಕ್ ಆಫ್ ಅಮೆರಿಕ ಎಂಬ ಹೆಸರು ಬಂದಿತು. ಹೊಸ ಆಡಳಿತಗಾರರು ಡಿವಿಡೆಂಡನ್ನು ನಿಲ್ಲಿಸಿ, ಸಂಸ್ಥೆಯನ್ನು ತುಂಡು ತುಂಡಾಗಿ ಮಾರುವ ಯೋಜನೆ ಹಾಕಿದರು. ಯೂರೋಪಿನಲ್ಲಿ ಚಿಕಿತ್ಸೆಯಲ್ಲಿದ್ದ ಜಿಯಾನಿನಿ ೧೯೩೧ರಲ್ಲಿ ಕೆನಡದ ಮೂಲಕ ಸದ್ದಿಲ್ಲದೆ ಹಿಂದಿರುಗಿದನು. ಷೇರುದಾರರ ಮತಗಳನ್ನು ಕೇಳಿಕೊಂಡು ಅರವತ್ತೊಂದು ವರ್ಷದ ಈ ಮುದುಕನು ಊರೂರು ತಿರುಗಿದ್ದು ಮಂಡಿಯ ಕಾಲದ ತಿರುಗಾಟದಂತೆಯೇ ಇತ್ತು. ಶಾಲೆಗಳಲ್ಲಿ, ಸಭಾಭವನಗಳಲ್ಲಿ ಸೇರಿದವರು ಯಾರು? ಅವನ ಹೆಸರನ್ನು ನಂಬಿ ನಷ್ಟಪಟ್ಟವರೇ. ಅವರು ಸಿಟ್ಟಿನಿಂದ ತಿರುಗಿಬಿದ್ದಿದ್ದರೆ ಆಶ್ಚರ್ಯವಿರುತ್ತಿರಲಿಲ್ಲ. ಆದರೆ ಕೆಲವೇ ಷೇರುಗಳಿದ್ದವರು ಕೂಡ ತಮ್ಮ ಅಧಿಕಾರಪತ್ರಗಳನ್ನು ಬರೆದುಕೊಟ್ಟರು. ೧೯೩೨ರ ಫೆಬ್ರವರಿ ೧೫ರಂದು ಡೆಲವೇರ್ ಸಂಸ್ಥಾನದ ವಿಲ್ಮಿಂಗ್ಟನ್ನಿನಲ್ಲಿ ನಡೆದ ಸಭೆಯಲ್ಲಿ ವಾಲ್ ಸ್ಟ್ರೀಟಿನ ಪಕ್ಷ ಭಾರಿ ಅಂತರದಿಂದ ಸೋತಿತು. ಕಷ್ಟಕಾಲದಲ್ಲಿ ಮುಖ ಮರೆಸಿಕೊಳ್ಳದೆ ಎದುರಿಗೆ ಬಂದು ನಿಂತದ್ದಕ್ಕೆ ಜನರು ಇಷ್ಟು ಬೆಲೆ ಕೊಟ್ಟರೆಂದು ನನ್ನ ಅಭಿಪ್ರಾಯ. ವಾಕರನು ಅವರಿಗೆ ಹೆಸರು ಮಾತ್ರವಾಗಿದ್ದನು.

೧೯೩೩ರ ಮಾರ್ಚಿಯಲ್ಲಿ ಅಧ್ಯಕ್ಷ ರೂಸ್‌ವೆಲ್ಟನು ದೇಶದ ಬ್ಯಾಂಕುಗಳನ್ನೆಲ್ಲ ಮುಚ್ಚಿಸಿ, ಗಟ್ಟಿಯಾದವು ಮಾತ್ರ ತೆರೆಯಬಹುದೆಂದು ಸಾರಿದಾಗ ಕೊನೆಯ ದೊಡ್ಡ ಗಂಡಾಂತರ ಒದಗಿತು. ಸಾನ್ ಫ್ರಾನ್ಸಿಸ್ಕೊದ ಫೆಡರಲ್ ರಿಸರ್ವ್ ಬ್ಯಾಂಕಿನ ಗವರ್ನರನಾಗಿದ್ದ ಜಾನ್ ಕಾಲ್ಕಿನ್ಸನಿಗೆ ಈ ಬ್ಯಾಂಕು ಗಟ್ಟಿಯೆಂಬ ಭರವಸೆ ಇರಲಿಲ್ಲ. ನಾಲ್ಕು ನೂರಕ್ಕೂ ಹೆಚ್ಚು ಶಾಖೆಗಳು ಮುಚ್ಚಿಯೇ ಉಳಿದಿದ್ದರೆ ಕ್ಯಾಲಿಫೋರ್ನಿಯದ ವ್ಯಾಪಾರವೆಲ್ಲ ಸ್ತಬ್ಧವಾಗುತ್ತಿತ್ತು. ಖಜಾನೆ ಮಂತ್ರಿ ವುಡಿನ್ ದೂರವಾಣಿಯಲ್ಲಿ ಕಾಲ್ಕಿನ್ಸನನ್ನು ವಿಚಾರಿಸಿ, ಮುಚ್ಚುವ ಜವಾಬ್ದಾರಿಯನ್ನು ತಾನೇ ಹೊರಲು ಸಿದ್ಧನೆ ಎಂದು ಕೇಳಲು ಅವನು ಹಿಂಜರಿದನು. ಮಾರ್ಚಿ ೧೩ರ ಸೋಮವಾರ ಬ್ಯಾಂಕು ತೆರೆಯಿತು.

ಮುಂದಿನದನ್ನು ಬೇಗ ಹೇಳಿಬಿಡಬಹುದು. ಗೋಲ್ಡನ್ ಗೇಟ್ ಸೇತುವೆಯ ಸಾಲಪತ್ರಗಳನ್ನು ಯಾರೂ ಕೊಳ್ಳದಿದ್ದ ಕಾಲದಲ್ಲಿ ಜಿಯಾನಿನಿಯ ಬ್ಯಾಂಕು ಮುಂದೆ ಬಂದಿತು. ಆ ಸೇತುವೆ ೧೯೩೭ರಲ್ಲಿ ಮುಗಿಯಿತು. ಅದೇ ವರ್ಷ ಹೊರಬಂದ ವಾಲ್ಟ್ ಡಿಸ್ನಿಯ ಸ್ನೋ ವೈಟ್ ಚಿತ್ರಕ್ಕೂ ಸಾಲ ಕೊಟ್ಟದ್ದು ಈ ಬ್ಯಾಂಕೇ. ೧೯೪೫ರಲ್ಲಿ ಅದು ನ್ಯೂಯಾರ್ಕಿನ ಚೇಸ್ ಬ್ಯಾಂಕನ್ನು ಮೀರಿಸಿ ಪ್ರಪಂಚದ ಅತ್ಯಂತ ದೊಡ್ಡ ಬ್ಯಾಂಕಾಯಿತು. ಸರಕಾರದ ಸಂಶಯ ಮಾತ್ರ ತಪ್ಪಲಿಲ್ಲ. ೧೯೪೮ರಲ್ಲಿ ಫೆಡರಲ್ ರಿಸರ್ವ್ ಮಂಡಲಿಯು ಟ್ರಾನ್ಸ್ ಅಮೆರಿಕದ ಮೇಲೆ ಏಕಸ್ವಾಮ್ಯದ ಆರೋಪವನ್ನು ಹೊರಿಸಿತು. ನ್ಯಾಯಾಲಯವು ೧೯೫೩ರಲ್ಲಿ ಅದನ್ನು ತಳ್ಳಿಹಾಕುವ ಹೊತ್ತಿಗೆ ಜಿಯಾನಿನಿ ಇರಲಿಲ್ಲ.

ಸ್ವಂತಕ್ಕೆ ಹಣ ಕೂಡಿಸುವ ಆಸೆ ಆತನಿಗೆ ವಿಚಿತ್ರವೆನ್ನುವಷ್ಟು ಕಡಮೆ. ೧೯೨೮ರ ಸುಮಾರಿಗೆ ಲಾಭದ ಪಾಲೆಂದು ತನಗೆ ಸಲ್ಲಬೇಕಾಗಿದ್ದ ೧೫ ಲಕ್ಷ ಡಾಲರನ್ನು ಮುಟ್ಟದೆ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯಕ್ಕೆ ಕೊಡಿಸಿದನು. ಅದರಿಂದ ಅಲ್ಲಿ ಕೃಷಿ ಅರ್ಥಶಾಸ್ತ್ರದ ಜಿಯಾನಿನಿ ಪ್ರತಿಷ್ಠಾನ ಹುಟ್ಟಿತು. ೧೯೪೫ರಲ್ಲಿ ಸ್ವಂತ ಹಣದಿಂದ ಐದು ಲಕ್ಷ ಡಾಲರಿಗೂ ಮೇಲ್ಪಟ್ಟು ತೆಗೆದು ವೈದ್ಯಕೀಯ ಸಂಶೋಧನೆಗೂ ಬ್ಯಾಂಕಿನ ನೌಕರರ ವಿದ್ಯಾಭ್ಯಾಸಕ್ಕೂ ಮೀಸಲಿಟ್ಟನು.

೧೯೪೯ರ ಜೂನ್ ೩ರಂದು, ಚಿನ್ನವನ್ನು ಬೂದಿಗುಂಡಿಯಲ್ಲಿ ಹೂತಿಟ್ಟ ಆ ಸಾನ್ ಮಟೆಯೊದ ಮನೆಯಲ್ಲೇ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಜಿಯಾನಿನಿ ತೀರಿಕೊಂಡನು. ಆಗ ಬ್ಯಾಂಕಿನ ಒಟ್ಟು ಆಸ್ತಿ ಆರು ನೂರು ಕೋಟಿ ಡಾಲರುಗಳ ಸುಮಾರು. ಆತನು ಬಿಟ್ಟುಹೋದ ಸ್ವಂತ ಆಸ್ತಿ ಐದು ಲಕ್ಷ ಡಾಲರಿಗೂ ಒಳಗು. ೧೯೯೮ರಲ್ಲಿ ಬ್ಯಾಂಕ್ ಆಫ್ ಅಮೆರಿಕವನ್ನು ನೇಷನ್ಸ್ ಬ್ಯಾಂಕ್ ಎಂಬ ದಕ್ಷಿಣದ ಬ್ಯಾಂಕು ತನ್ನೊಳಗೆ ಸೇರಿಸಿಕೊಂಡಾಗ ಪ್ರಧಾನ ಕಚೇರಿಯು ಸಾನ್ ಫ್ರಾನ್ಸಿಸ್ಕೊವನ್ನು ಬಿಟ್ಟು ಉತ್ತರ ಕ್ಯಾರೊಲೈನದ ಷಾರ್ಲಟ್ ನಗರಕ್ಕೆ ಹೋಯಿತು. ಹೊಸ ಮಾಲಿಕರು ತಮ್ಮ ಹೆಸರನ್ನು ಬಿಟ್ಟುಕೊಟ್ಟು ಇದರ ಹೆಸರನ್ನೇ ಇಟ್ಟುಕೊಂಡರು.